ಟೈಪ್ ಮಾಡ್ವಾಗ ಕರ್ಸರ್ ಹಾರತ್ತೆ, ಏನ್ ಮಾಡ್ಲಿ?

ಪ್ರಶ್ನೆ: ಲ್ಯಾಪ್‌ಟಾಪಲ್ಲಿ ಟೈಪ್ ಮಾಡ್ತಾ ಇದ್ರೆ ಕರ್ಸರ್ ಇದ್ದಕ್ಕಿದ್ದಂಗೆ ಮೂರು ಸಾಲು ಮೇಲೆ ಹೋಗಿ ಕೂತ್ಕೊಳತ್ತೆ, ನಾನು ಕೀಬೋರ್ಡ್ ನೋಡ್ಕೊಂಡೇ ಕುಟ್ತಾ ಇರ್ತೀನಿ, ತಲೆ ಎತ್ತಿ ನೋಡಿದ್ರೆ ಅರ್ಧ ವಾಕ್ಯ ಇನ್ನೆಲ್ಲೋ ಸೇರ್ಕೊಂಡಿರತ್ತೆ. ಕರ್ಸರ್ ಸ್ಪೀಡ್ ಕಮ್ಮಿ ಮಾಡಿದ್ರೂ ಅಷ್ಟೇ. ಟಚ್‌ಪ್ಯಾಡ್ ಹಾಳಾಗಿದ್ಯಾ?

ಉತ್ತರ: ಹಾಳಾಗಿರೋದು ಡೌಟು. ನಿಮ್ಮ ಹೆಬ್ಬೆರಳಿನ ಬುಡ ಪ್ಯಾಡ್‌ಗೆ ತಾಗ್ತಾ ಇದೆ, ಅದು ಅದನ್ನೇ ಟ್ಯಾಪ್ ಅನ್ಕೊಂಡು ಮೌಸ್ ಬಾಣ ಎಲ್ಲಿತ್ತೋ ಅಲ್ಲಿ ಕ್ಲಿಕ್ ಮಾಡ್ಬಿಡತ್ತೆ. ಸ್ಪೀಡ್ ಬೇರೆ, ಸೆನ್ಸಿಟಿವಿಟಿ ಬೇರೆ ಕಣ್ರೀ, ಎಲ್ರೂ ಎಡವೋದು ಇಲ್ಲೇ. ಸ್ಪೀಡ್ ಅಂದ್ರೆ ಬೆರಳು ಎಳೆದಾಗ ಬಾಣ ಎಷ್ಟು ದೂರ ಓಡತ್ತೆ ಅಂತ, ಸೆನ್ಸಿಟಿವಿಟಿ ಅಂದ್ರೆ ಟೈಪ್ ಮಾಡ್ವಾಗ ತಗಲೋ ಇಂಥ ಟ್ಯಾಪ್‌ಗಳನ್ನ ಅದು ಎಷ್ಟು ಕ್ಯಾರೇ ಅನ್ಬೇಕು ಅಂತ.

ವಿಂಡೋಸ್ 11 ಆದ್ರೆ ಸೆಟ್ಟಿಂಗ್ಸಲ್ಲಿ ಬ್ಲೂಟೂತ್ ಅಂಡ್ ಡಿವೈಸಸ್, ಅದ್ರೊಳಗೆ ಟಚ್‌ಪ್ಯಾಡ್, ಆಮೇಲೆ ಟ್ಯಾಪ್ಸ್ ತೆಗೀರಿ (ವಿಂಡೋಸ್ 10ರಲ್ಲಿ ಡಿವೈಸಸ್ ಒಳಗೇ ಟಚ್‌ಪ್ಯಾಡ್ ಇರತ್ತೆ). ಮೋಸ್ಟ್ ಸೆನ್ಸಿಟಿವ್, ಹೈ, ಮೀಡಿಯಂ, ಲೋ ಅಂತ 4 ಆಯ್ಕೆ ಇದಾವೆ. ಲೋ ಇಟ್ಟು ಒಂದೆರಡು ದಿನ ನೋಡಿ, ಟೈಪ್ ನಿಲ್ಸಿದ ತಕ್ಷಣ ಪ್ಯಾಡ್ ಮುಟ್ಟಿದ್ರೆ ಒಂಚೂರು ಸೋಮಾರಿ ಅನ್ಸತ್ತೆ, ಆಗ ಮೀಡಿಯಂ ಮಾಡ್ಕೊಳಿ. ಆಗ್ಲೂ ಹಾರಿದ್ರೆ ಒಂದು ಬೆರಳಲ್ಲಿ ಟ್ಯಾಪ್ ಮಾಡಿದ್ರೆ ಕ್ಲಿಕ್ ಆಗೋ ಟಿಕ್ಕನ್ನೇ ತೆಗೆದ್ಬಿಡಿ, ಪ್ಯಾಡ್ ಒತ್ತಿ ಕ್ಲಿಕ್ ಮಾಡೋದು ಅಭ್ಯಾಸ ಆಗತ್ತೆ, ನಾನಂತೂ ಹಂಗೇ ಇಟ್ಕೊಂಡಿರೋದು.

ಪ್ರಶ್ನೆ: ನಂದು ಟೈಪ್ ಮಾಡ್ದೇ ಇದ್ರೂ ಬಾಣ ನಡುಗತ್ತೆ, ಅದೂ ಚಾರ್ಜ್‌ಗೆ ಹಾಕಿದಾಗ.

ಉತ್ತರ: ಚಾರ್ಜರ್ ಕಿತ್ತು ನೋಡಿ. ಸರಿಹೋದ್ರೆ ತಪ್ಪು ಪ್ಯಾಡ್‌ದಲ್ಲ. ಬೆರಳಿಂದ ಆಗೋ ಚೂರೇ ಚೂರು ವಿದ್ಯುತ್ ವ್ಯತ್ಯಾಸ ಹಿಡಿದು ಕೆಲ್ಸ ಮಾಡೋ ಸಾಧನ ಅದು, ಅಡಾಪ್ಟರ್‌ನಿಂದ ಕರೆಂಟ್ ಗಲಾಟೆ ಒಳಗೆ ಬಂದ್ರೆ ತಲೆ ಕೆಡ್ಸ್ಕೊಳತ್ತೆ. ಸಾಕೆಟ್‌ಗೆ ಅರ್ಥಿಂಗ್ ಇದ್ಯಾ ನೋಡ್ಸಿ, ಡೂಪ್ಲಿಕೇಟ್ ಚಾರ್ಜರ್ ಆದ್ರೆ ಬದಲಾಯ್ಸಿ, ಸೆನ್ಸಿಟಿವಿಟಿ ಮುಟ್ಟೋಕ್ ಹೋಗ್ಬೇಡಿ. ಕೈ ಬೆವರಿದ್ರೂ ಹಿಂಗಾಗತ್ತೆ, ಒರೆಸ್ಕೊಂಡ್ರಾಯ್ತು. ಆದ್ರೆ ಪ್ಯಾಡ್ ಮೇಲೆ ಉಬ್ಬಿದ್ರೆ, ಕ್ಲಿಕ್ ಗಟ್ಟಿಯಾಗಿದ್ರೆ, ಕೆಳಗಿರೋ ಬ್ಯಾಟರಿ ಊದಿರಬಹುದು, ಆಗ ಆಫ್ ಮಾಡಿ, ಚಾರ್ಜ್‌ಗೂ ಹಾಕ್ದೆ ಸೀದಾ ಸರ್ವೀಸ್‌ಗೆ ಒಯ್ಯಿರಿ.