ಔಟ್‌ಲ್ಯಾಂಡರ್ ಸೀರೀಸ್ ನೋಡಬಹುದಾ? ನೋಡಿದವರು, ವಿಮರ್ಶಕರು ಏನಂತಾರೆ?

ಮೊದಲ ಎರಡು ಸೀಸನ್ ಧಾರಾಳವಾಗಿ ನೋಡಿ. 2014ರಲ್ಲಿ ಸ್ಟಾರ್ಜ್ ಚಾನೆಲ್‌ನಲ್ಲಿ ಶುರುವಾದ ಸೀರೀಸ್ ಇದು. ಎರಡನೇ ಮಹಾಯುದ್ಧದಲ್ಲಿ ನರ್ಸ್ ಆಗಿದ್ದ ಕ್ಲೇರ್ ಸ್ಕಾಟ್ಲೆಂಡಿನಲ್ಲಿ ಒಂದು ಹಳೇ ಬಂಡೆ ಮುಟ್ಟಿ 1945ರಿಂದ ಸೀದಾ 1743ಕ್ಕೆ ಬಂದು ಬೀಳುತ್ತಾಳೆ. ವಿಮರ್ಶಕರಿಗೆ ಹಿಡಿಸಿದ್ದು ಪ್ರೇಮವನ್ನು ಹೆಣ್ಣಿನ ಕಣ್ಣಿಂದ ತೋರಿಸಿದ ರೀತಿ. ಮದುವೆ ಎಪಿಸೋಡಿನಲ್ಲಂತೂ ಅನುಭವ ಇರುವವಳು ಕ್ಲೇರ್, ಏನೂ ಗೊತ್ತಿಲ್ಲದೆ ತಬ್ಬಿಬ್ಬಾಗುವವನು ಅವಳು ಅಲ್ಲಿ ಮದುವೆಯಾಗುವ ಸ್ಕಾಟಿಷ್ ಯುವಕ ಜೇಮಿ. ದೊಡ್ಡ ತಕರಾರು ಅತ್ಯಾಚಾರದ ದೃಶ್ಯಗಳ ಬಗ್ಗೆ. ಜೈಲಿನಲ್ಲಿ ಜೇಮಿ ಅನುಭವಿಸುವುದನ್ನು ತೋರಿಸಿದ್ದು ಕೆಲವರಿಗೆ ದಿಟ್ಟತನ, ಕೆಲವರಿಗೆ ಅತಿರೇಕ. ಆಮೇಲೂ ಅದೇ ಮತ್ತೆ ಮತ್ತೆ ಬರುತ್ತದೆ, ನನಗಂತೂ ಸಾಕಾಯ್ತು. ಕಥೆ ಅಮೆರಿಕಕ್ಕೆ ಹೋದ ಮೇಲೆ ಜಾಸ್ತಿ ನಿಧಾನ ಅಂತ ಅಭಿಮಾನಿಗಳೇ ಗೊಣಗುತ್ತಾರೆ, ಆದರೂ ಕ್ಲೇರ್, ಜೇಮಿ ಆಗಿ ನಟಿಸಿದ ಕ್ಯಾಟ್ರಿಯೋನಾ ಬಾಲ್ಫ್, ಸ್ಯಾಮ್ ಹ್ಯೂಅನ್ ಜೋಡಿಗೋಸ್ಕರ ನೋಡುವುದು ಬಿಡಲ್ಲ.