ಫುಲ್‌ಸೈಜ್ ಪಿಸ್ತೂಲಿಗೂ ಕಾಂಪ್ಯಾಕ್ಟ್‌ಗೂ ಡ್ರಿಲ್‌ನಲ್ಲಿ ನಿಜವಾಗಿ ಎಷ್ಟು ವ್ಯತ್ಯಾಸ?

ಪ್ರಾಕ್ಟಿಕಲ್ ಶೂಟಿಂಗ್ (ವೇಗ, ಗುರಿ ಎರಡನ್ನೂ ಒಟ್ಟಿಗೆ ಅಳೆಯುವ ಸ್ಪರ್ಧೆ) ಅಭ್ಯಾಸಕ್ಕೆ ಕಾಂಪ್ಯಾಕ್ಟ್ ಸಾಕೇ, ನಳಿಗೆ ಗಿಡ್ಡವಾದರೆ ಗುರಿ ಕೆಡುತ್ತದೆಯೇ ಎಂದು ಕೇಳಿದ್ದೀರಿ. ನಳಿಗೆಯ ಚಿಂತೆ ಬಿಡಿ. ನನ್ನ ಪ್ರಕಾರ ವ್ಯತ್ಯಾಸದ ಮುಕ್ಕಾಲು ಪಾಲು ಇರುವುದು ಹಿಡಿಕೆಯಲ್ಲಿ.

ಎಲ್ಲರಿಗೂ ಗೊತ್ತಿರುವ ಜೋಡಿಯನ್ನೇ ತೆಗೆದುಕೊಳ್ಳೋಣ: ಫುಲ್‌ಸೈಜ್ ಗ್ಲಾಕ್ 17, ಕಾಂಪ್ಯಾಕ್ಟ್ ಗ್ಲಾಕ್ 19. ಗ್ಲಾಕ್ 17ರ ನಳಿಗೆ 114 ಮಿ.ಮೀ., ಗ್ಲಾಕ್ 19ರದ್ದು 102. ಹಿಂದಿನ ಸೈಟ್‌ನಿಂದ (ಗುರಿ ಹಿಡಿಯುವ ಗುರುತು) ಮುಂದಿನ ಸೈಟ್‌ಗೆ ಇರುವ ಅಂತರ 165 ಮತ್ತು 153 ಮಿ.ಮೀ. ಮುಂದಿನ ಸೈಟ್ ಅರ್ಧ ಮಿ.ಮೀ. ಪಕ್ಕಕ್ಕೆ ವಾಲಿತು ಎನ್ನಿ. 7 ಮೀಟರ್‌ನಲ್ಲಿ ಗುಂಡು 17ರಲ್ಲಿ ಸುಮಾರು 21 ಮಿ.ಮೀ., 19ರಲ್ಲಿ 23 ಮಿ.ಮೀ. ಸರಿಯುತ್ತದೆ. 25 ಮೀಟರ್‌ನಲ್ಲೂ 76ಕ್ಕೆ 82, ಅಷ್ಟೇ. ಟಾರ್ಗೆಟ್‌ನಲ್ಲಿ ಅತಿ ಹೆಚ್ಚು ಅಂಕದ ನಡುಭಾಗವಾದ ಎ ವಲಯ 15 ಸೆಂ.ಮೀ. ಅಗಲ ಇರುವಾಗ ಈ 2ರಿಂದ 6 ಮಿ.ಮೀ. ಲೆಕ್ಕಕ್ಕೇ ಬರುವುದಿಲ್ಲ. ಮೇಲೆ ರೆಡ್ ಡಾಟ್ (ಗಾಜಿನಲ್ಲಿ ಕಾಣುವ ಒಂದೇ ಕೆಂಪು ಚುಕ್ಕೆಯಿಂದ ಗುರಿ ಹಿಡಿಯುವ ಸಾಧನ) ಕೂರಿಸಿದರೆ ಸೈಟ್‌ಗಳ ಅಂತರದ ಪ್ರಶ್ನೆಯೇ ಇಲ್ಲ.

ಈಗ ಹಿಡಿಕೆ ನೋಡಿ. 19ರದ್ದು ಸುಮಾರು 1 ಸೆಂ.ಮೀ. ಗಿಡ್ಡ. ಅಂಗೈ ದೊಡ್ಡದಿದ್ದರೆ ಕಿರುಬೆರಳು ಅರ್ಧ ಹಿಡಿಕೆಯ ಮೇಲೆ, ಅರ್ಧ ಮ್ಯಾಗಜೀನ್‌ನ (ಹಿಡಿಕೆಯೊಳಗೆ ಕೂರುವ ಗುಂಡಿನ ಡಬ್ಬಿ) ತಳದ ಮೇಲೆ ಕೂರುತ್ತದೆ. ಎಡಗೈಯ ಅಂಗೈ ಬುಡಕ್ಕೆ ಒತ್ತಿಕೊಳ್ಳಲು ಸಿಗುವ ಜಾಗವೂ ಅಷ್ಟೇ ಕಡಿಮೆ. ಪಿಸ್ತೂಲು ಒದ್ದಾಗ ಮೂತಿ ಮೇಲೇಳದಂತೆ ತಡೆಯುವುದು ಮುಖ್ಯವಾಗಿ ಆ ಒತ್ತಡವೇ. ಜೊತೆಗೆ ಸ್ಲೈಡ್ (ಈಡಾದಾಗ ಹಿಂದೆ ಮುಂದೆ ಸರಿಯುವ ಮೇಲ್ಭಾಗ) ಹಗುರ, ಹಾಗಾಗಿ ಅದೇ ಗುಂಡಿಗೆ ಒದೆತ ಕೊಂಚ ಚುರುಕಾಗಿ ಬಡಿಯುತ್ತದೆ.

ಇದು ಚೆನ್ನಾಗಿ ಕಾಣುವುದು ಬಿಲ್ ಡ್ರಿಲ್‌ನಲ್ಲಿ: 7 ಗಜ ದೂರ, ಒಂದೇ ಟಾರ್ಗೆಟ್, ಹೋಲ್‌ಸ್ಟರ್‌ನಿಂದ ತೆಗೆದು 6 ಈಡು. ಮೊದಲ ಈಡಿನ ಸಮಯ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಎರಡನೆಯದೂ ಪರವಾಗಿಲ್ಲ. ಕಾಂಪ್ಯಾಕ್ಟ್‌ನಲ್ಲಿ ಹಿಡಿತ ಸಡಿಲವಾಗುವುದು ಮೂರನೆಯದರಿಂದ ಆಚೆಗೆ. ಎಡಗೈ ಒಂದು ಎಳೆ ಜಾರುತ್ತದೆ, ಅದನ್ನು ತುಂಬಲು ಬಲಗೈ ಬಿಗಿಯಾಗುತ್ತದೆ, ಬಲಗೈಯವರ ಕೊನೆಯ ಈಡುಗಳು ಎಡಕ್ಕೆ ಕೆಳಗೆ ಬೀಳುತ್ತವೆ. ಹಾಗಾಗಿ ಒಟ್ಟು ಸಮಯ ನೋಡಿ ಸುಮ್ಮನಾಗಬೇಡಿ. ಟೈಮರ್‌ನಲ್ಲಿ ಒಂದೊಂದು ಈಡಿನ ನಡುವಿನ ಸಮಯವನ್ನೂ ಬರೆದುಕೊಳ್ಳಿ. 0.22, 0.22, 0.25, 0.28 ಎಂದು ಏರುತ್ತಾ ಹೋದರೆ ಜಾರುತ್ತಿರುವುದು ಕೈ ಎಂದೇ ಮೊದಲು ಅನುಮಾನಿಸಿ.

ಎಲ್ ಪ್ರೆಸಿಡೆಂಟೆ ಡ್ರಿಲ್‌ನಲ್ಲಿ ಇನ್ನೊಂದು ತೊಡಕು ಬಯಲಾಗುತ್ತದೆ. 10 ಗಜ ದೂರದಲ್ಲಿ ಮೂರು ಟಾರ್ಗೆಟ್. ಬೆನ್ನು ಹಾಕಿ ನಿಂತು, ತಿರುಗಿ, ಒಂದೊಂದಕ್ಕೆ ಎರಡು ಈಡು, ಮ್ಯಾಗಜೀನ್ ಬದಲಾವಣೆ, ಮತ್ತೆ ಎರಡೆರಡು. ಗಿಡ್ಡ ಹಿಡಿಕೆಯಲ್ಲಿ ಬಲಗೈಯ ಅಂಗೈ ಬುಡ ಮ್ಯಾಗಜೀನ್‌ನ ದಾರಿಗೇ ಅಡ್ಡ ಬರುತ್ತದೆ. ಮ್ಯಾಗಜೀನ್ ಬಿಡಿಸುವ ಬಟನ್ ಒತ್ತಿದರೂ ಖಾಲಿ ಮ್ಯಾಗಜೀನ್ ಅಂಗೈಗೆ ತಾಗಿ ನೇತಾಡುತ್ತದೆ, ಹೊಸದನ್ನು ತಳ್ಳುವಾಗ ಚರ್ಮ ಸಿಕ್ಕಿಕೊಳ್ಳುತ್ತದೆ. ನೋವಾಗುತ್ತದೆಂದು ಮೆಲ್ಲಗೆ ತಳ್ಳಿದರೆ ಮ್ಯಾಗಜೀನನ್ನು ಹಿಡಿದಿಡುವ ಕೊಕ್ಕೆ ಕೂರುವುದಿಲ್ಲ, ಒಂದು ಈಡಾದ ಮೇಲೆ ಪಿಸ್ತೂಲು ನಿಂತುಬಿಡುತ್ತದೆ. ಸ್ಲೈಡ್ ಮುಚ್ಚಿರುವಾಗ ಪೂರ್ತಿ ತುಂಬಿದ ಮ್ಯಾಗಜೀನ್ ಕೂರಿಸುವುದಂತೂ ಇನ್ನೂ ಗಟ್ಟಿ, ಏಕೆಂದರೆ ಮೇಲಿನ ಗುಂಡು ಸ್ಲೈಡ್‌ನ ತಳಕ್ಕೆ ಒತ್ತಿಕೊಳ್ಳುತ್ತದೆ. ಪರಿಹಾರ ಸರಳ: ಬಟನ್ ಒತ್ತುವ ಹೊತ್ತಿಗೆ ಕೆಳಗಿನ ಎರಡು ಬೆರಳು ಸಡಿಲಿಸಿ, ಅಂಗೈ ಬುಡವನ್ನು ಹಿಡಿಕೆಯಿಂದ ತುಸು ಬಿಡಿಸಿ, ಹೊಸದು ಒಳಗೆ ಕೂತ ಮೇಲೆ ಮತ್ತೆ ಮುಚ್ಚಿ. ಇದನ್ನು ಡಮ್ಮಿ ಗುಂಡಿನಲ್ಲಿ ನಿಧಾನವಾಗಿ ಕಲಿಯಿರಿ, ನಿಜವಾದ ಗುಂಡುಗಳು ಆ ಕೋಣೆಯಲ್ಲೇ ಇರಬಾರದು.

ಟಾರ್ಗೆಟ್‌ನಿಂದ ಟಾರ್ಗೆಟ್‌ಗೆ ತಿರುಗುವಾಗ ಹಗುರವಾದದ್ದು ಬೇಗ ನಿಲ್ಲುತ್ತದೆ ಎನ್ನುವವರಿದ್ದಾರೆ. ಈ ಎರಡರ ನಡುವಿನ ತೂಕದ ವ್ಯತ್ಯಾಸ ಅದು ಗೊತ್ತಾಗುವಷ್ಟು ದೊಡ್ಡದಲ್ಲ.

ನೀವೇ ಹೋಲಿಸಿ ನೋಡುವುದಾದರೆ, ಎರಡರಲ್ಲೂ ಒಂದೇ ಪೆಟ್ಟಿಗೆಯ ಗುಂಡು, ಒಂದೇ ಬಗೆಯ ಸೈಟ್, ಎಳೆಯಲು ಒಂದೇ ಬಲ ಬೇಕಾಗುವ ಟ್ರಿಗರ್, ಸೊಂಟದ ಒಂದೇ ಜಾಗದಲ್ಲಿ ಹೋಲ್‌ಸ್ಟರ್ ಇರಲಿ. ಟ್ರಿಗರ್ ಬೇರೆಯಾದರೆ ನೀವು ಅಳೆಯುತ್ತಿರುವುದು ಟ್ರಿಗರ್ ಅನ್ನೇ, ಗಾತ್ರವನ್ನಲ್ಲ. ಬಿಲ್ ಡ್ರಿಲ್ ಒಂದೊಂದರಲ್ಲಿ 5 ಸಲ, ಎಲ್ ಪ್ರೆಸಿಡೆಂಟೆ 3 ಸಲ. ಒಟ್ಟು 132 ಗುಂಡು. ಒಂದರಲ್ಲಿ ಎಲ್ಲ ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ, ಸಲಸಲಕ್ಕೂ ಪಿಸ್ತೂಲು ಬದಲಿಸಿ. ಇಲ್ಲವಾದರೆ ಮೊದಲಿನದಕ್ಕೆ ಮೈ ಬಿಸಿಯಾಗದ ತೊಂದರೆ, ನಂತರದ್ದಕ್ಕೆ ದಣಿವು. ಅಂಕವನ್ನು ಸಮಯದಿಂದ ಭಾಗಿಸಿ ಹಿಟ್ ಫ್ಯಾಕ್ಟರ್ ತೆಗೆಯಿರಿ. ಉದಾಹರಣೆಗೆ ಆರೂ ಎ ವಲಯದಲ್ಲಿ ಬಿದ್ದು (ಒಂದಕ್ಕೆ 5) 30 ಅಂಕ, 2.8 ಸೆಕೆಂಡ್ ಎಂದರೆ 10.7. ಐದು ಎ, ಒಂದು ಅದರ ಹೊರಗಿನ ಸಿ ವಲಯದಲ್ಲಿ ಎಂದರೆ ಮೈನರ್ (ಕಡಿಮೆ ಶಕ್ತಿಯ ಗುಂಡಿನ) ಲೆಕ್ಕದಲ್ಲಿ ಸಿಗೆ 3, ಒಟ್ಟು 28 ಅಂಕ, 2.9 ಸೆಕೆಂಡ್ ಆದರೆ 9.7. ಸಮಯದಲ್ಲಿ ಬರೀ 0.1 ಸೆಕೆಂಡ್ ಎನಿಸಿದ್ದು ಇಲ್ಲಿ ಸುಮಾರು ಹತ್ತನೇ ಒಂದು ಪಾಲು ನಷ್ಟವಾಗಿ ನಿಂತಿರುತ್ತದೆ.

ಹಿಡಿಕೆಯ ಪಾಲೆಷ್ಟು ಎಂದು ಬೇರೆ ಮಾಡಿ ತಿಳಿಯಲು 19ಕ್ಕೆ 17ರ ಮ್ಯಾಗಜೀನ್ ಹಾಕಿ, ಹಿಡಿಕೆಯ ಕೆಳಗೆ ಹೊರಗುಳಿದ ಭಾಗಕ್ಕೆ ಸುತ್ತಲೂ ಕೂರುವ ಪ್ಲಾಸ್ಟಿಕ್ ಕವಚ ತೊಡಿಸಿ ಅದೇ ಬಿಲ್ ಡ್ರಿಲ್ ಮಾಡಿ. ಈಡುಗಳ ನಡುವಿನ ಸಮಯ 17ರ ಹತ್ತಿರಕ್ಕೆ ಬಂದರೆ ಉತ್ತರ ಸಿಕ್ಕಿತು. ಗಿಡ್ಡ ಸ್ಲೈಡ್‌ಗೆ ಉದ್ದ ಹಿಡಿಕೆ ಜೋಡಿಸಿದ ಗ್ಲಾಕ್ 45 ಇರುವುದೂ ಇದೇ ತತ್ವದ ಮೇಲೆ. ಆದರೆ ಕವಚವಿಲ್ಲದ ಉದ್ದ ಮ್ಯಾಗಜೀನನ್ನು ಸ್ಲೈಡ್ ಹಿಂದೆ ನಿಂತಿರುವಾಗ ಜೋರಾಗಿ ಗುದ್ದಬೇಡಿ. ಕೆಲವು ಪಿಸ್ತೂಲುಗಳಲ್ಲಿ ಅದು ಅಳತೆ ಮೀರಿ ಮೇಲೇರಿ ಎಜೆಕ್ಟರ್‌ಗೆ (ಖಾಲಿ ಕೋಶವನ್ನು ಹೊರಗೆ ಚಿಮ್ಮಿಸುವ ಭಾಗ) ಬಡಿಯುತ್ತದೆ.

ಸ್ಪರ್ಧೆಗೆಂದೇ ಕೊಳ್ಳುವುದಾದರೆ ಫುಲ್‌ಸೈಜ್ ತೆಗೆದುಕೊಳ್ಳಿ. ಕೈಯಲ್ಲಿ ಈಗಾಗಲೇ ಕಾಂಪ್ಯಾಕ್ಟ್ ಇದ್ದರೆ ಮಾರಬೇಡಿ: ಮ್ಯಾಗಜೀನ್‌ಗೆ ಉದ್ದನೆಯ ತಳ ಹಾಕಿಸಿ, ಎಡ ಅಂಗೈ ಕೂರುವ ಕಡೆ ಒರಟು ಟೇಪ್ ಅಂಟಿಸಿ, ಉಳಿದ ಹಣದಲ್ಲಿ ಗುಂಡು ಕೊಳ್ಳಿ.