ಕಾರಿನ ಮುಂದಿನ ಚಕ್ರದ ಅಲೈನ್‌ಮೆಂಟ್ ಮನೆಯಲ್ಲೇ ಮಾಡಿಕೊಳ್ಳಬಹುದಾ?

ಬಲಗಡೆ ಟೈ ರಾಡ್ ಎಂಡ್ (ಸ್ಟೀರಿಂಗಿನಿಂದ ಚಕ್ರಕ್ಕೆ ಹೋಗುವ ರಾಡಿನ ತುದಿಯ ಕೀಲು) ಹೊಸದು ಹಾಕಿದಿರಿ, ಆಮೇಲೆ ಕಾರು ನೇರ ಹೋಗುವಾಗಲೂ ಸ್ಟೀರಿಂಗ್ ವಾರೆ ನಿಲ್ಲುತ್ತದೆ, ಮಷೀನ್ ಇರುವ ಅಂಗಡಿ ದೂರ ಅಂತ ಕೇಳಿದ್ದೀರಿ. ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು, ಅದನ್ನು ಮಾತ್ರ ಮನೆಯಲ್ಲಿ ಸರಿ ಮಾಡಬಹುದು. ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು), ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವುದು) ಮರೆತುಬಿಡಿ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಅವನ್ನು ಬದಲಿಸುವ ವ್ಯವಸ್ಥೆಯೇ ಇರುವುದಿಲ್ಲ. ನಿಮ್ಮಲ್ಲಿ ಕೆಟ್ಟಿರುವುದೂ ಟೋ ಒಂದೇ, ಅಲ್ವಾ?

ನನ್ನ ಹಳೇ ಮಾರುತಿ 800ಕ್ಕೆ ಇದನ್ನೇ ಮಾಡಿದ್ದೆ. ಬೇಕಾದದ್ದು ಸೀಮೆಸುಣ್ಣ, ಮೊಳೆ, ಟೇಪು, ಗಾರೆಯವರ ತೂಗುಗುಂಡು. ಮೊದಲು ಗಾಳಿ ಸರಿಯಾಗಿ ತುಂಬಿಸಿ. ಚಕ್ರ ಹಿಡಿದು ಅಲ್ಲಾಡಿಸಿ ನೋಡಿ. ಬಾಲ್ ಜಾಯಿಂಟಿನಲ್ಲೋ ಬೇರಿಂಗಿನಲ್ಲೋ ಆಟ (ಸಡಿಲ) ಇದ್ದರೆ ಅಳೆದು ಪ್ರಯೋಜನ ಇಲ್ಲ.

ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ. ಕೆಳಗೆ ಸ್ಟ್ಯಾಂಡ್ ಇಡಿ, ಜಾಕಿ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಟೈರಿನ ಮಧ್ಯಕ್ಕೆ ಸುತ್ತಲೂ ಸೀಮೆಸುಣ್ಣ ಬಳಿಯಿರಿ. ಮೊಳೆಯನ್ನು ಇಟ್ಟಿಗೆಗೆ ಒತ್ತಿ ಅಲ್ಲಾಡದಂತೆ ಹಿಡಿದು ಚಕ್ರ ತಿರುಗಿಸಿದರೆ ಬಿಳಿಯ ಮೇಲೆ ತೆಳ್ಳಗೆ ಕಪ್ಪು ಗೆರೆ ಬೀಳುತ್ತದೆ. ಟೈರು ಸ್ವಲ್ಪ ಸೊಟ್ಟ ಇದ್ದರೂ ಗೆರೆ ನೆಟ್ಟಗೇ ಇರುತ್ತದೆ. ಇನ್ನೊಂದು ಚಕ್ರಕ್ಕೂ ಹೀಗೇ.

ನಾನು ಎಡವಿದ್ದು ಇಲ್ಲಿ. ಜಾಕಿ ಇಳಿಸಿದ ಕೂಡಲೇ ಎರಡು ಗೆರೆಗಳ ನಡುವಿನ ದೂರ ಅಳೆದೆ, ಚಕ್ರಗಳ ಮುಂದಿನ ಮತ್ತು ಹಿಂದಿನ ಅಳತೆಗೆ 12 ಮಿ.ಮೀ. ವ್ಯತ್ಯಾಸ ಬಂತು. ಗಾಬರಿಯಾಗಿ ಸ್ಪ್ಯಾನರ್ ಹಾಕಿ ತಿರುಗಿಸಿಯೂ ಬಿಟ್ಟೆ. ಜಾಕಿಯಿಂದ ಇಳಿದ ಗಾಡಿ ಚಕ್ರಗಳನ್ನು ಕಾಲಿನ ಹಾಗೆ ಮಡಚಿಕೊಂಡೇ ನಿಂತಿರುತ್ತದೆ ಅಂತ ಆಮೇಲೆ ಗೊತ್ತಾಯಿತು. ಬಾನೆಟ್ ಒತ್ತಿ ಕುಣಿಸಿ, ಸ್ಟೀರಿಂಗ್ ನೇರ ಇಟ್ಟು, ಗಾಡಿಯನ್ನು ಮೂರ್ನಾಲ್ಕು ಮೀಟರ್ ಮುಂದಕ್ಕೆ ತಳ್ಳಿ ನಿಲ್ಲಿಸಿ. ಹಿಂದಕ್ಕೆ ತಳ್ಳಬೇಡಿ.

ಈಗ ಚಕ್ರದ ಹಬ್ಬಿನ (ನಡುಭಾಗದ) ಎತ್ತರದಲ್ಲಿ ಗೆರೆಗೆ ದಾರ ತಾಗಿಸಿ ಗುಂಡು ಬಿಡಿ, ನೆಲದಲ್ಲಿ ಗುರುತು ಮಾಡಿ. ಎರಡೂ ಚಕ್ರಗಳ ಮುಂದೆ, ಹಿಂದೆ, ಒಟ್ಟು ನಾಲ್ಕು ಗುರುತು. ಅಡ್ಡ ಬಂದರೆ ಮಡ್ ಫ್ಲ್ಯಾಪ್ ಬಿಚ್ಚಿ. ಗಾಡಿ ಆಚೆ ತಳ್ಳಿ ಆರಾಮಾಗಿ ಅಳೆಯಿರಿ. ಮುಂದಿನ ಎರಡು ಗುರುತುಗಳ ನಡುವಿನ ಅಳತೆ ಹಿಂದಿನದಕ್ಕಿಂತ ಕಡಿಮೆ ಇದ್ದರೆ ಟೋ ಇನ್, ಜಾಸ್ತಿ ಇದ್ದರೆ ಟೋ ಔಟ್. ಎಷ್ಟಿರಬೇಕು ಅನ್ನೋದಕ್ಕೆ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ನೋಡಿ. ಸಾಮಾನ್ಯವಾಗಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ.

ಎರಡೂ ಕಡೆ ಸಮಸಮ ತಿರುಗಿಸಿ ಅಂತ ಎಲ್ಲರೂ ಹೇಳುತ್ತಾರೆ. ನಿಮಗೆ ಅದು ಬೇಡ. ಮೊದಲು ಸ್ಟೀರಿಂಗ್ ನೇರ ಇತ್ತು, ನೀವು ಮುಟ್ಟಿದ್ದು ಬಲಗಡೆ. ಬಲಗಡೆಯನ್ನೇ ಸರಿ ಮಾಡಿ, ಸ್ಟೀರಿಂಗೂ ತಾನೇ ನೇರಕ್ಕೆ ಬರುತ್ತದೆ. ಟೈ ರಾಡಿನ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಿ. ಟೈ ರಾಡ್‌ಗಳನ್ನು ಎಡಬಲಕ್ಕೆ ತಳ್ಳುವ ಸ್ಟೀರಿಂಗ್ ರ‍್ಯಾಕ್ ಆಕ್ಸಲ್‌ನ ಹಿಂದಿದ್ದರೆ ರಾಡ್ ಉದ್ದ ಮಾಡಿದಷ್ಟೂ ಟೋ ಇನ್, ಮುಂದಿದ್ದರೆ ಉಲ್ಟಾ. ಕಾಲು ಸುತ್ತಿಗೇ ಮುಂದಿನ, ಹಿಂದಿನ ಅಳತೆಗಳ ವ್ಯತ್ಯಾಸ ಒಂದು ಮಿ.ಮೀ.ಗಿಂತ ಜಾಸ್ತಿ ಬದಲಾಗುತ್ತದೆ, ಹಾಗಾಗಿ ಸ್ವಲ್ಪಸ್ವಲ್ಪವೇ ತಿರುಗಿಸಿ ಮತ್ತೆ ತಳ್ಳಿ ಅಳೆಯಿರಿ. ರ‍್ಯಾಕ್‌ನ ರಬ್ಬರ್ ಬೂಟಿನ ಕ್ಲಿಪ್ ಮೊದಲೇ ಸಡಿಲಿಸಿ, ಇಲ್ಲಾಂದ್ರೆ ರಾಡ್ ಜೊತೆ ಅದೂ ತಿರುಚಿ ಹರಿಯುತ್ತದೆ. ಕೊನೆಗೆ ಲಾಕ್ ನಟ್ ಬಿಗಿ ಮಾಡಲು ಮರೆಯಬೇಡಿ.

ಒಂದೆರಡು ತಿಂಗಳು ಓಡಿಸಿ ಟೈರಿನ ಮೇಲೆ ಅಡ್ಡಡ್ಡ ಅಂಗೈ ಸವರಿ. ಒಂದು ಕಡೆಗೆ ನುಣುಪು, ವಾಪಸ್ ಬರುವಾಗ ಗರಗಸದ ಹಾಗೆ ಚುಚ್ಚಿದರೆ ಟೋ ಇನ್ನೂ ಸರಿಯಾಗಿಲ್ಲ. ಆಗ ಮಷೀನ್ ಇರುವ ಅಂಗಡಿಗೇ ಹೋಗಿ.